ಲಾರಿಗೆ ಎಣ್ಣೆ ಬದಲಿಸಲು ಕಲಿಸಿದ ಮಹನೀಯರಿಗೆ

ಹಳೇಬೀಡು, ಮಾರ್ಚಿ ೧೯೩೮

ವಿಲಾಯತಿಯಿಂದ ಲಾರಿಯ ಜೊತೆಗೆ ಬಂದ ಕೈಪಿಡಿಯನ್ನು ಬರೆದ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಇದನ್ನು ಬರಿಯ ಉಪಚಾರದ ಮಾತೆಂದು ತಾವು ತಿಳಿಯಬಾರದು. ನನ್ನ ಲಾರಿಯ ಕೆಳಗೆ ಬೋರಲಾಗಿ ಒಮ್ಮೆ, ಅಂಗಾತ ಒಮ್ಮೆ ಮಲಗಿ ಈಗಾಗಲೇ ಸಲ್ಲಿಸಿದ್ದನ್ನೇ ಇಲ್ಲಿ ಕಾಗದದ ಮೇಲೆ ಮತ್ತೆ ಬರೆದಿದ್ದೇನೆ.

ಎಂಜಿನ್ನಿನ ಎಣ್ಣೆಯನ್ನು ಯಾವ ಪರಿಣತರ ನೆರವೂ ಇಲ್ಲದೆ ಮಾಲೀಕನು ತನ್ನ ಮನೆಯಂಗಳದಲ್ಲೇ ಅರ್ಧ ಗಂಟೆಯಲ್ಲಿ ಬದಲಿಸಬಹುದೆಂದು ತಾವು ಹದಿನಾಲ್ಕನೆಯ ಪುಟದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ತೆಂಗಿನಕಾಯಿ ಸಾಗಿಸಲು ಕೊಂಡ ಈ ಸಣ್ಣ ಲಾರಿಗೆ ಎಣ್ಣೆ ಬದಲಿಸಲು ನಾನು ಆರಿಸಿಕೊಂಡದ್ದು ಒಂದು ಬುಧವಾರ. ಮಾರನೆಯ ದಿನ ಬಾಣಾವರದಿಂದ ನನ್ನ ಮಗಳು ವಸಂತಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಾಗಿತ್ತು. ಒಂದೂವರೆ ಗಂಟೆಗೆ ರಾಹುಕಾಲ ಶುರುವಾಗುವುದರೊಳಗೆ ಅವಳು ನಮ್ಮ ಹೊಸಿಲು ದಾಟಬೇಕು, ಹೊತ್ತು ಮೀರಿದರೆ ಸೊಸೆಯನ್ನು ಹಿಂದಕ್ಕೆ ಕರೆದೊಯ್ಯುತ್ತೇನೆ, ಹೆರಿಗೆ ಅಲ್ಲೇ ಆಗಲಿ ಎಂದು ಬೀಗರಾದ ಜಯದೇವಪ್ಪನವರು ಖಡಾಖಂಡಿತವಾಗಿ ಹೇಳಿದ್ದರು. ನನ್ನ ಹೆಂಡತಿ ಅನುಸೂಯಮ್ಮ ಆಗಲೇ ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದಳು.

ಹಳೆಯ ಎಣ್ಣೆಯನ್ನು 'ತಕ್ಕ ಪಾತ್ರೆ'ಗೆ ಇಳಿಸಬೇಕೆಂದು ತಾವು ಬರೆದಿರುವಿರಿ. ಇಂಥ ಕೆಲಸಕ್ಕೆ ತಕ್ಕ ಪಾತ್ರೆ ತನ್ನ ಅಡುಗೆಮನೆಯಲ್ಲಿ ಒಂದೂ ಇಲ್ಲವೆಂದು ಅನುಸೂಯಮ್ಮ ತಿಳಿಸಿದ್ದರಿಂದ ಬಾಯಿ ಒಡೆದ ಮಡಕೆಯೊಂದನ್ನು ಹುಡುಕಿ, ಎಂಜಿನ್ನಿನ ತಳದ ತಿರುಪನ್ನು ಬಿಚ್ಚಿದೆ. ಎಣ್ಣೆಯ ಮೊದಲ ಸೇರು ನನ್ನ ಮುಖಕ್ಕೂ ಎರಡನೆಯದು ಹೊಸ ಪಂಚೆಗೂ ಸಂದು, ಉಳಿದದ್ದು ಮಡಕೆಗೆ ದೊರೆಯಿತು. ಹೊಸ ಎಣ್ಣೆ ಹೊಯ್ಯುವ ಸುಲಭದ ಕೆಲಸವನ್ನು ನಮ್ಮ ಗಾಡಿಯಾಳು ಚಿಕ್ಕಬೀರಯ್ಯನಿಗೆ ಬಿಟ್ಟು ನಾನು ಸೀಗೇಪುಡಿ ಹಿಡಿದು ಬಚ್ಚಲಿಗೆ ಹೋದೆ.

ಮಾನ್ಯರೇ, ಚಿಕ್ಕಬೀರಯ್ಯ ಮೂವತ್ತು ವರ್ಷದಿಂದ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತ ಬಂದವನು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಅರೆದು, ಎಣ್ಣೆ ಕಾಡಿಗೆಯಂತಾದ ಮೇಲೆಯೇ ಅದು ಗಾಡಿಗೆ ತಕ್ಕದ್ದೆಂದು ಇಡೀ ಸೀಮೆಗೆ ಗೊತ್ತು. ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಬರೆದ ತಾವು, ಏಕೆ ಕೆಟ್ಟಿತೆಂದು ಒಂದು ಸಾಲು ಬರೆಯಲು ಮರೆತಿರಿ. ಜೇನಿನ ಬಣ್ಣದ ತಮ್ಮ ಹೊಸ ಎಣ್ಣೆಯನ್ನು ಕಂಡು ಅವನಿಗೆ ಮರುಕ ಹುಟ್ಟಿತು. ಒಂದು ಹೊರೆ ಹುಲ್ಲು ಸುಟ್ಟು, ಕರಿಯನ್ನು ಬಟ್ಟೆಯಲ್ಲಿ ಸೋಸಿ, ಎಣ್ಣೆಗೆ ಕಲಸಿ, ಎಂಜಿನ್ನಿಗೆ ಹೊಯ್ದನು. ನನಗೆ ಹೇಳಲಿಲ್ಲ, ಹೇಳುವಂಥ ವಿಶೇಷ ಅದರಲ್ಲಿ ಏನಾದರೂ ಇದೆಯೆಂದು ಅವನಿಗೆ ತೋರಲಿಲ್ಲ.

ಗುರುವಾರ ತಮ್ಮ ಲಾರಿ ಬಾಣಾವರಕ್ಕೆ ಹೋಯಿತು. ಮಗಳನ್ನೂ, ಗಡಿಯಾರವನ್ನು ಅಂಗೈಯಲ್ಲಿ ಹಿಡಿದ ಬೀಗರನ್ನೂ ಹತ್ತಿಸಿಕೊಂಡು ಹೊರಟು ಜಾವಗಲ್ಲನ್ನೂ ದಾಟಿತು. ಹಳೇಬೀಡು ಇನ್ನೆರಡು ಮೈಲಿ ಇದೆ ಎನ್ನುವಾಗ, ಹನ್ನೊಂದೂವರೆಗೆ, ಹೊಟ್ಟೆಯೊಳಗೆ ಕಲ್ಲು ಕುಟ್ಟಿದಂತೆ ಸದ್ದು ಮಾಡಿ ನಿಂತೇಬಿಟ್ಟಿತು. ಹಿಂದೆ ಕುಳಿತಿದ್ದ ಚಿಕ್ಕಬೀರಯ್ಯ ಇಳಿದು, "ನಾನು ಕರಿ ಚೆನ್ನಾಗೇ ಅರ್ದಿದ್ದೆ ಕಣ್ರೀ ಯಜಮಾನ್ರೆ, ತರಿ ಒಂದೂ ಇರ್ಲಿಲ್ಲ" ಎಂದಾಗಲೇ ನನಗೆ ಎಲ್ಲವೂ ತಿಳಿದದ್ದು. ಬೈಯಲು ಬಾಯಿ ತೆರೆದರೆ ಅವನು ಆಗಲೇ ಊರಿನ ಕಡೆಗೆ ಓಡುತ್ತಿದ್ದ. ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಬೀಗರು ಗಡಿಯಾರ ನೋಡಿದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಗಂಟೆಗೆ ಇಪ್ಪತ್ತು ನಿಮಿಷ ಇರುವಾಗ ಅವನು ನಮ್ಮ ಎತ್ತಿನ ಗಾಡಿಯನ್ನು ಹೊಡೆದುಕೊಂಡು ಬಂದನು. ಮೆತ್ತಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿ ಮಗಳನ್ನು ಕೂರಿಸಿದೆವು. ಹುಟ್ಟಿದಂದಿನಿಂದ ಕಿರುಗುಟ್ಟುತ್ತಲೇ ಇದ್ದ ನಮ್ಮ ಗಾಡಿ ಅಂದು ಮಾತೇ ಆಡಲಿಲ್ಲ. ಮಗಳು ತೂಕಡಿಸಿದಳು. ರಾಹುಕಾಲಕ್ಕೆ ಹತ್ತು ನಿಮಿಷ ಉಳಿದಿರುವಾಗ ಅನುಸೂಯಮ್ಮ ಆರತಿ ಎತ್ತಿದಳು, ವಸಂತಮ್ಮ ಬಲಗಾಲಿಟ್ಟು ಹೊಸಿಲು ದಾಟಿದಳು, ಬೀಗರು ಗಡಿಯಾರವನ್ನು ಜೇಬಿಗಿಳಿಸಿ ಪಾಯಸದ ವಿಷಯ ವಿಚಾರಿಸಿದರು.

ಗಾಡಿ ಸುಮ್ಮನಾದ ಕಾರಣವನ್ನು ಊಟವಾದ ಮೇಲೆ ಚಿಕ್ಕಬೀರಯ್ಯನನ್ನೇ ಕೇಳಿದೆ. "ಇಷ್ಟು ಹದವಾಗಿ ಕಪ್ಪಾಗಿರೋ ಎಣ್ಣೆನ ಯಾರಾದ್ರೂ ಚೆಲ್ತಾರಾ? ಅಚ್ಚಿಗೆ ಹಾಕ್ದೆ" ಎಂದನು. ನಿರುಪಯುಕ್ತವಾದದ್ದು, ಚೆಲ್ಲತಕ್ಕದ್ದು ಎಂದು ತಾವು ಬರೆದ ಅದೇ ಮಡಕೆಯ ಎಣ್ಣೆ, ಮಾನ್ಯರೇ.

ಆದಕಾರಣ ಮುಂದಿನ ಮುದ್ರಣದ ಹದಿನಾಲ್ಕನೆಯ ಪುಟದಲ್ಲಿ 'ಎಣ್ಣೆ ಬದಲಿಸುವ ಮುನ್ನ ಒಂದು ಜೊತೆ ಎತ್ತುಗಳನ್ನು ಸಿದ್ಧವಾಗಿಡತಕ್ಕದ್ದು' ಎಂದು ಸೇರಿಸಬೇಕಾಗಿಯೂ, ತಾವೇ ಖುದ್ದಾಗಿ ಹಡಗು ಹತ್ತಿ ಬಂದು ನಮ್ಮ ಅಂಗಳದಲ್ಲಿ ಅರ್ಧ ಗಂಟೆ ಅಂಗಾತ ಮಲಗಿ ತೋರಿಸಬೇಕಾಗಿಯೂ ವಿನಯದಿಂದ ಬೇಡುತ್ತೇನೆ. ಮಡಕೆ ನಮ್ಮದು, ಪಂಚೆ ತಮ್ಮದು.

ಹದಿನಾಲ್ಕನೆಯ ಪುಟದ ವಿನಾ ಮಿಕ್ಕೆಲ್ಲದರಲ್ಲಿ
ತಮ್ಮ ವಿಶ್ವಾಸಿ,
ಷಡಕ್ಷರಪ್ಪ

ಮತ್ತೊಂದು ಮಾತು: ಮೊನ್ನೆ ಮೊಮ್ಮಗಳು ಹುಟ್ಟಿದಳು, ತಾಯಿ ಮಗು ಕ್ಷೇಮ. ಮಗುವಿನ ತಲೆಗೆ ಹರಳೆಣ್ಣೆ ಇಡುವಾಗ ಚಿಕ್ಕಬೀರಯ್ಯ ಆ ಬಣ್ಣವನ್ನು ಅನುಮಾನದಿಂದ ನೋಡಿದನಾದ್ದರಿಂದ ಅವನನ್ನು ಅಂಗಳಕ್ಕೆ ಕಳುಹಿಸಿದ್ದೇವೆ. ತಮ್ಮ ಕಡೆಯ ಮಾಲೀಕರು ಚೆಲ್ಲುವ ಕಪ್ಪೆಣ್ಣೆಯನ್ನೆಲ್ಲ ಬಾಣಾವರದ ಸ್ಟೇಷನ್ನಿಗೆ ಕಳುಹಿಸಿಕೊಡಬೇಕೆಂದು ಅವನು ಕೇಳಿಕೊಂಡಿದ್ದಾನೆ. ಹೊಸದನ್ನು ಮಾತ್ರ ದಯವಿಟ್ಟು ಕಳುಹಿಸಬೇಡಿ. ಅದನ್ನು ಕಪ್ಪು ಮಾಡುವಷ್ಟು ಹುಲ್ಲು ನಮ್ಮಲ್ಲಿ ಉಳಿದಿಲ್ಲ.