ಪಾಳಿ ಬರುವ ಮೊದಲೇ ಕೂಸನ್ನು ಎತ್ತಿಕೊಂಡ ಬಗ್ಗೆ

ಇವರಿಂದ:
ರಾಜೇಶ್ವರಿ ಕೋಂ ಬಸವಲಿಂಗ ಮಗದುಮ್
ಅಡುಗೆಮನೆ, ಸಂಕೇಶ್ವರ, ತಾ. ಹುಕ್ಕೇರಿ

ಇವರಿಗೆ:
ಶ್ರೀ ಮುರಿಗೆಪ್ಪ ಮಗದುಮ್, ನನ್ನ ಮಾವನವರು
ಪಡಸಾಲೆ, ಅದೇ ಮನೆ

ವಿಷಯ: ಕೂಸನ್ನು ಎತ್ತಿಕೊಂಡಿದ್ದಕ್ಕೆ ಘಟನೋತ್ತರ ಮಂಜೂರಾತಿ ಕೋರಿ.

ಉಲ್ಲೇಖ: "ಅತ್ತ ಕೂಡ್ಲೇ ಯಾರೂ ಎತ್ಗೋಬ್ಯಾಡ್ರಿ. ಪಾಳಿ ಬರೂತನಾ ತಡಿಯೂದ ಕಲೀಲಿ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

1. ತಾವು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳಿಗೆ ಪಾಳಿ ಹಚ್ಚುತ್ತ ನಿವೃತ್ತರಾದವರು. ಹಾರ್ನ್ ಹೊಡೆದವನನ್ನು ಮೊದಲು ಒಳಗೆ ಬಿಟ್ಟರೆ ನಾಳೆ ಎಲ್ಲರೂ ಹಾರ್ನ್ ಹೊಡೆಯುತ್ತಾರೆಂಬುದು ತಮ್ಮ ಅನುಭವ. ಸದರಿ ನಿಯಮವನ್ನು ಇನ್ನೂ ಹಲ್ಲು ಬಾರದ ನನ್ನ ಮಗಳಿಗೂ ವಿಸ್ತರಿಸಲಾಗಿದೆ.

2. ಆದ್ದರಿಂದ ಈ ಮನೆಯಲ್ಲಿ ಮೊದಲು ತಮ್ಮ ಸ್ನಾನದ ನೀರು, ನಂತರ ರೊಟ್ಟಿ, ನಂತರ ಅರಭಾವಿ ಬಸ್ಸಿಗೆ ಹೋಗುವ ಯಜಮಾನರ ಡಬ್ಬಿ, ಕೊನೆಗೆ ಕೂಸು. ಮೊನ್ನೆ ಡಬ್ಬಿ ಕಟ್ಟುವಷ್ಟರಲ್ಲಿ ಅದು ಬಿಕ್ಕಿ ಬಿಕ್ಕಿ ದನಿ ಕಳಕೊಂಡು ಮಲಗಿತು. "ನೋಡಿದ್ಯಾ, ಹೆಂಗ ಕಲೀತು!" ಎಂದು ತಾವು ಷರಾ ಹಾಕಿದಿರಿ. ಯಜಮಾನರು ಚಪ್ಪಲಿ ಹುಡುಕುತ್ತಿದ್ದರು. ಅತ್ತೆ ಚನ್ನವ್ವನವರು ಮಾತ್ರ, "ಪಾಳಿ ಹಚ್ಚಿ ಹಚ್ಚಿ ಮಂದಿ ಕಬ್ಬ ಒಣಗ್ಸಿದ್ದು ಸಾಲಲಿಲ್ಲೇನ್ರಿ? ಈಗ ಕೂಸಿಗೂ ಹಚ್ಚಾಕ ಹತ್ತೀರಿ!" ಎಂದರು. ಈ ಆಕ್ಷೇಪಣೆಗೆ ಉತ್ತರವಾಗಿ ತಾವು ಪೇಪರಿನ ಹಾಳೆ ತಿರುವಿದಿರಿ.

3. ತಾವು ಪಡಸಾಲೆಯಿಂದ "ಚಾ" ಎಂದು ಕೂಗಿದರೆ ಎರಡನೇ ಕೂಗಿಗೆ ಆಸ್ಪದವಿಲ್ಲದಂತೆ ಕಪ್ಪು ಬರುತ್ತದೆ. ಇದರಿಂದ ತಮ್ಮ ಶಿಸ್ತು ಎಷ್ಟು ಕೆಟ್ಟಿದೆ ಎಂಬ ಬಗ್ಗೆ ಈವರೆಗೆ ವಿಚಾರಣೆ ನಡೆದಿಲ್ಲ.

4. ಕೂಸಿಗೆ ತೀರಿಹೋದ ತಮ್ಮ ತಾಯಿ ಉದ್ದವ್ವನವರ ಹೆಸರನ್ನೇ ಇಡಬೇಕೆಂದು ಹಟ ಹಿಡಿದವರು ತಾವು. "ನಮ್ಮವ್ವನ ತಿರುಗಿ ಬಂದಾಳ್ರಿ" ಎಂದು ನನ್ನ ತವರಿನವರೆದುರು ಕಣ್ಣೊರೆಸಿಕೊಂಡಿರಿ. ಹಿರಿಯರ ಹೆಸರು ಹೇಳಬಾರದೆಂದು ಅಂದಿನಿಂದ ಕೂಸನ್ನು 'ಅವ್ವಾರ' ಎಂದೇ ಕರೆಯುತ್ತೀರಿ. ಕೂಸಿಗೆ ಬೈಯಬೇಡವೆಂದು ನನಗೆ ತಾಕೀತೂ ಇದೆ. ಅವ್ವಾರಿಗೆ ಬೈಯುವಂತಿಲ್ಲ, ಅಳಿಸಿ ಮಲಗಿಸಬಹುದು. ಈ ಸೂಕ್ಷ್ಮ ನನ್ನಂಥ ಎಂ.ಎ. ಓದಿದವಳಿಗೆ ತಿಳಿಯದು.

5. ಇಂದು ಬೆಳಿಗ್ಗೆ ಕೂಸು ಎಚ್ಚರವಾಗಿ ಅಳಲೇ ಇಲ್ಲ. ಬಾಜೂ ನಿಂತೆ; ಅದು ಕೈ ಚಾಚಲಿಲ್ಲ. ತೊಟ್ಟಿಲ ಹಗ್ಗ ನೋಡುತ್ತ ಸುಮ್ಮನೆ ಬಿದ್ದಿತ್ತು. ತಾವು ಇದನ್ನೇ ಶಿಸ್ತು ಎನ್ನುವುದು. ನಾನು ಹೆದರಿದ್ದು ಇದಕ್ಕೇ. ಆ ಕಾರಣ, ತಮ್ಮ ಅಪ್ಪಣೆಗೆ ಕಾಯದೆ ಎತ್ತಿಕೊಂಡೆ. ತುಸು ಹೊತ್ತು ನನ್ನ ಹೆಗಲ ಮೇಲೆ ಮುಖವಿಟ್ಟು, ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತಿತು. ನನಗೆ ಜೀವ ಬಂತು.

ಆದ್ದರಿಂದ, ಎತ್ತಿಕೊಂಡಿದ್ದಕ್ಕೆ ಮಂಜೂರಾತಿಯನ್ನೂ, ಮುಂದೆ ಬೇಕೆನಿಸಿದಾಗಲೆಲ್ಲ ಅಳಲು ಕೂಸಿಗೆ, ಅದರತ್ತ ಓಡಲು ನನಗೆ ಕಾಯಂ ಪರವಾನಗಿಯನ್ನೂ ನೀಡಬೇಕಾಗಿ ಕೋರುತ್ತೇನೆ. ನೀಡದಿದ್ದರೂ ಅಡ್ಡಿಯಿಲ್ಲ.

ವಿಶ್ವಾಸ ಇನ್ನೂ ತುಸು ಉಳಿದಿರುವ ತಮ್ಮ ಸೊಸೆ,
ರಾಜೇಶ್ವರಿ

ಪ್ರತಿ: ಯಜಮಾನರಿಗೆ, ಮಾಹಿತಿಗಾಗಿ ಮಾತ್ರ. ಕ್ರಮ ಕೈಗೊಳ್ಳುವುದು ಅವರಿಂದಾಗದು.

ಲಗತ್ತು: ಕೂಸು. ಪರಿಶೀಲನೆಯನ್ನು ನನ್ನ ಬಗಲಲ್ಲಿದ್ದಂತೆಯೇ ಮಾಡತಕ್ಕದ್ದು, ಕೆಳಗಿಳಿಸಿ ಕೊಡಲಾಗುವುದಿಲ್ಲ.