ಕ್ಲಾರೆನ್ಸ್‌ನಂಥ ಮನುಷ್ಯ

ಹಾರ್ವಿ ನಟ್ಸನ್‌ನ ಗ್ರಹಚಾರ ಶುರುವಾದದ್ದು ಶುಕ್ರವಾರ ಬೆಳಗ್ಗೆ, ಬೇಲಿಯ ಹತ್ತಿರ. ಪಕ್ಕದ ಮನೆಯ ಮೆಲ್ವಿನ್ ಹಿಮ ಗೋರುತ್ತಿದ್ದವನು, ಕೇಳದಿದ್ದರೂ ಒಂದು ಬುದ್ಧಿಮಾತು ಹೇಳಿದ.

“ಮೂರು ವಾರದಿಂದ ಕಥಾಕೂಟದಲ್ಲಿ ಕಂಬದ ಹಾಗೆ ಕೂತಿದೀಯ ಕಣೋ. ಹೀಗಾದ್ರೆ ಲೊರೇನ್ ನಿನ್ನ ಕಡೆ ತಿರುಗಿ ನೋಡ್ತಾಳಾ? ಬಾಯಿ ಬಿಡು. ಏನಾದ್ರೂ ಖಡಕ್ಕಾಗಿ ಹೇಳು.”

“ಹೇಳ್ತೀನಿ. ನೀನು ಸಲಿಕೆ ಹಿಡಿದಿರೋದು ತಪ್ಪು, ಸೊಂಟ ಹಿಡ್ಕೊಳ್ಳುತ್ತೆ” ಅಂದ ಹಾರ್ವಿ.

ಹಾರ್ವಿ ಲೈಬ್ರರಿಯ ಕಥಾಕೂಟ ಸೇರಿದ್ದು ಸಾಹಿತ್ಯದ ಮೋಹದಿಂದಲ್ಲ, ಲೊರೇನ್ ಮೇಲಿನ ಮೋಹದಿಂದ. ಅವನ ಹೆಂಡತಿ ತೀರಿಹೋಗಿ ಆರು ವರ್ಷ, ಅವಳ ಗಂಡ ಹೋಗಿ ನಾಲ್ಕು. ಇವತ್ತು ಕೂಟ ಮುಗಿದ ಕೂಡಲೇ ಅವಳನ್ನು ಮೀನೂಟಕ್ಕೆ ಕರೆದೇಬಿಡುವುದು ಅಂತ ಗಟ್ಟಿ ಮಾಡಿಕೊಂಡಿದ್ದ. ವಿಸ್ಕಾನ್ಸಿನ್ನಿನ ಆ ಪುಟ್ಟ ಊರಲ್ಲಿ ಶುಕ್ರವಾರ ಸಂಜೆ ಕರಿದ ಮೀನಿನ ತಟ್ಟೆಯೆದುರು ಒಬ್ಬ ಗಂಡಸು ಒಬ್ಬ ಹೆಂಗಸು ಜೊತೆಯಾಗಿ ಕೂತರೆ, ಶನಿವಾರ ಬೆಳಗಾಗುವಷ್ಟರಲ್ಲಿ ಊರವರು ಮದುವೆ ಉಡುಗೊರೆಯ ಯೋಚನೆ ಶುರುಮಾಡುತ್ತಾರೆ.

ಕೂಟಕ್ಕೆ ಒಂದು ಕಟ್ಟಳೆಯಿತ್ತು. ವಾರಕ್ಕೊಂದು ಕತೆ, ಬರೆದವರ ಹೆಸರು ತೆಗೆದು, ಎಲ್ಲರ ಮನೆಗೂ ಬರುತ್ತಿತ್ತು. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿಗೆ ಬೀಗ ಹಾಕಿಕೊಂಡು ಕೂತಿರಬೇಕು. ಆಮೇಲಷ್ಟೇ ಕೈ ಎತ್ತಬೇಕು.

ಈ ವಾರದ ಕತೆಯ ನಾಯಕ ಕ್ಲಾರೆನ್ಸ್ ಎಂಬ ವಿಧುರ. ಯಾರ ಮನೆಗೆ ಹೋದರೂ ಗೋಡೆಯ ಪಟ ಓರೆಯಾಗಿದೆ ಅಂತ ಸರಿಮಾಡುವವನು. ಕಾಫಿಗೆ ಕರೆದರೆ ಫ್ರಿಜ್ ತೆಗೆದು ಹಾಲಿನ ತಾರೀಖು ನೋಡುವವನು. ಕೊನೆಯ ಪುಟದಲ್ಲಿ ಅವನು ಒಬ್ಬ ವಿಧವೆಯ ಬಾಗಿಲಲ್ಲಿ ನಿಂತು, “ಪೋಲ್ಕಾ ಕುಣಿಯೋಕೆ ಬರ್ತೀರಾ?” ಅನ್ನುತ್ತಾನೆ. ಅವಳೇನು ಹೇಳಿದಳು ಎಂಬುದೇ ಇಲ್ಲ. ‘ಅಂತ್ಯ ನೀವೇ ಸೂಚಿಸಿ’ ಅಂತ ಕೆಳಗೊಂದು ಸಾಲು.

ನಲವತ್ತು ವರ್ಷ ಊರಿನ ಕಟ್ಟಡಗಳಿಗೆ ಇನ್‌ಸ್ಪೆಕ್ಟರಾಗಿದ್ದು, ಒಂದು ಮೆಟ್ಟಿಲನ್ನೂ ತಕರಾರಿಲ್ಲದೆ ಬಿಡದ ಹಾರ್ವಿ, ಕತೆಯನ್ನೂ ಕೆಂಪು ಪೆನ್ನು ಹಿಡಿದೇ ಓದಿದ್ದ. ಕ್ಲಾರೆನ್ಸ್‌ನನ್ನು ಎಲ್ಲೋ ನೋಡಿದ ಹಾಗಿದೆ ಅಂತ ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಕ್ಲಾರೆನ್ಸ್‌ಗೆ ಮೀಸೆಯಿತ್ತು, ಇವನಿಗಿರಲಿಲ್ಲ. ಮನುಷ್ಯನಿಗೆ ತನ್ನನ್ನು ಗುರುತಿಸದೇ ಇರುವುದಕ್ಕೆ ಇಷ್ಟು ನೆಪ ಧಾರಾಳ ಸಾಕು.

ಮಧ್ಯಾಹ್ನ ಮೂರಕ್ಕೆ ಏಳು ಜನ ಮೇಜಿನ ಸುತ್ತ ಕೂತರು. ಕೂಟ ನಡೆಸುವ ಡೋರಿಸ್ ಬಾಯಿ ತೆರೆಯುವ ಮೊದಲೇ ಹಾರ್ವಿ ಎದ್ದು ನಿಂತ.

“ಈ ಕ್ಲಾರೆನ್ಸ್ ಅನ್ನೋನು ಶುದ್ಧ ತಲೆನೋವು! ಇಂಥವನ ಜೊತೆ ನಾನ್ಯಾಕೆ ಒಂಬತ್ತು ಪುಟ ಕಳೀಬೇಕು?”

ಡೋರಿಸ್ ಕೆಮ್ಮಿದಳು. “ಪಾತ್ರ ನಮಗೆ ಇಷ್ಟ ಆಗ್ಲೇಬೇಕು ಅಂತೇನಿಲ್ಲ ಹಾರ್ವಿ. ನಿಜ ಅನ್ನಿಸಿದ್ರೆ ಸಾಕು. ನನಗಂತೂ ತುಂಬಾ... ನಿಜ ಅನ್ನಿಸ್ತು.”

“ನಂಗೆ ಅವನು ಹಿಡಿಸ್ದ” ಅಂದ ಪಕ್ಕದಲ್ಲೇ ಕೂತಿದ್ದ ಮೆಲ್ವಿನ್, ಹಾರ್ವಿಯ ಕೋಟಿನ ಚುಂಗು ಎಳೆಯುತ್ತ. “ಸ್ವಲ್ಪ ಕಿರಿಕಿರಿ, ನಿಜ. ಆದ್ರೆ ಮನಸ್ಸು ಒಳ್ಳೇದು. ಸಾಕು, ಕೂತ್ಕೋ ಮಾರಾಯ.”

“ಒಳ್ಳೇ ಮನಸ್ಸಂತೆ! ಹೋದಲ್ಲೆಲ್ಲ ತಪ್ಪು ಹುಡುಕೋದು ಒಳ್ಳೇ ಮನಸ್ಸಾ?” ಅನ್ನುತ್ತಲೇ ಹಾರ್ವಿ ಕಿಟಕಿಯ ಹತ್ತಿರ ಹೋಗಿ ಚಿಲಕ ಅಲ್ಲಾಡಿಸಿದ. “ಡೋರಿಸ್, ಇದರ ಸ್ಕ್ರೂ ಸಡಿಲ ಆಗಿದೆ, ನೋಡಿಸಿ.”

ಯಾರೋ ನಗು ತಡೆಯಲಾರದೆ ಕಾಫಿಯನ್ನು ಮೂಗಿಗೇರಿಸಿಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ಕ್ಲಾರೆನ್ಸ್ ಪರ ನಿಂತರು. ಪಾಪ ಒಂಟಿ ಜೀವ ಅಂದರು, ಒಂದು ಅವಕಾಶ ಕೊಡಬೇಕು ಅಂದರು. ಲೊರೇನ್ ಮಾತ್ರ ಒಂದು ಮಾತೂ ಆಡದೆ ಹಾರ್ವಿಯನ್ನೇ ನೋಡುತ್ತಿದ್ದಳು. ತನ್ನ ಖಡಕ್ಕುತನಕ್ಕೆ ಅವಳು ಮರುಳಾದಳು ಅಂತ ಹಾರ್ವಿ ಉಬ್ಬಿಹೋದ.

“ಅಂತ್ಯ ತಾನೇ? ನಾನು ಹೇಳ್ತೀನಿ, ಬರ್ಕೊಳ್ಳಿ!” ಮೇಜು ಬಡಿದ. “ಅಂಥೋರು ಸಾಯೋವರೆಗೂ ತಿದ್ಕೊಳ್ಳಲ್ಲ. ಆಯಮ್ಮ ಅವನ ಮುಖಕ್ಕೆ ಬಾಗಿಲು ಹಾಕ್ಲಿ. ಯಾರಾದ್ರೂ ಮರ್ಯಾದಸ್ಥ ನೆರೆಯವನ ಜೊತೆ ಕುಣಿಯೋಕೆ ಹೋಗ್ಲಿ!”

“ಆಯ್ತು, ಹೊತ್ತಾಯ್ತು” ಅಂದಳು ಡೋರಿಸ್, ದನಿ ಸಣ್ಣದಾಗಿ. “ಬರೆದವರು ಯಾರು?”

ಲೊರೇನ್ ಕೈ ಎತ್ತಿದಳು.

ಹಾರ್ವಿ ಕುಕ್ಕರಿಸಿದ. “ನೀವಾ? ಛೆ, ಕತೆ ಚೆನ್ನಾಗಿದೆ ಲೊರೇನ್! ಆ ಮನುಷ್ಯ ಒಬ್ಬ ಸರಿಯಿಲ್ಲ, ಅಷ್ಟೇ.”

“ಆ ಮನುಷ್ಯ ನನಗೆ ಇಷ್ಟ ಆಗಿದ್ದ ಹಾರ್ವಿ. ನನ್ನ ಕಣ್ಣಿಗೇನಾದ್ರೂ ಮಂಕು ಕವಿದಿದೆಯೋ ಅಂತ ಅನುಮಾನ ಇತ್ತು. ಅದಕ್ಕೇ ನಾಲ್ಕು ಜನರ ಮುಂದೆ ಇಟ್ಟೆ. ಎಲ್ಲರೂ ಒಪ್ಪಿದ್ರು. ಅವನನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲೋರು ಮಾತ್ರ ಬೇಡವೇ ಬೇಡ ಅಂದ್ರು.”

ಹಾರ್ವಿಗೆ ಮೆಲ್ಲಗೆ ಬೆವರು ಕಿತ್ತುಕೊಂಡಿತು. “ಕ್ಲಾರೆನ್ಸ್‌ಗೆ... ಮೀಸೆ ಇತ್ತಲ್ಲ?”

“ಗುರುತು ಸಿಗದಿರ್ಲಿ ಅಂತ ನಾನೇ ಅಂಟಿಸಿದ್ದು.”

“ಅಂತ್ಯ ಬದಲಾಯಿಸಿ ಲೊರೇನ್! ಅವನು ತಿದ್ಕೊಳ್ತಾನೆ!”

“ಸಾಯೋವರೆಗೂ ತಿದ್ಕೊಳ್ಳಲ್ಲ ಅಂದೋರು ನೀವೇ. ಅದೂ ಮೇಜು ಬಡಿದು.” ಕೋಟು ಹಾಕಿಕೊಂಡು ಅವಳು ತಿರುಗಿದಳು. “ಮೆಲ್ವಿನ್, ಇವತ್ತು ಪೋಲ್ಕಾ ಇಲ್ಲ, ಮೀನಿದೆ. ಬರ್ತೀರಾ? ಐದಕ್ಕೇ ಹೋಗ್ದಿದ್ರೆ ಜಾಗ ಸಿಗಲ್ಲ.”

ಮೆಲ್ವಿನ್ ಹಾರ್ವಿಯ ಮುಖ ನೋಡಿದ, ಲೊರೇನ್ ಮುಖ ನೋಡಿದ, ಆಮೇಲೆ ಕಾರಿನ ಕೀಲಿ ತಡಕಾಡಿದ.

ಹಾರ್ವಿ ಟೋಪಿಯನ್ನೂ ಹಾಕಿಕೊಳ್ಳದೆ ಹಿಂದೆಯೇ ಓಡಿದ. ಹೇಳಬೇಕಾದ್ದೆಲ್ಲ ಗಂಟಲಲ್ಲಿತ್ತು. ತಪ್ಪಾಯ್ತು, ಹೋಗಬೇಡಿ, ನೀವಂದ್ರೆ ನನಗೆ ಪ್ರಾಣ. ಕಾರು ಹೊರಟೇಬಿಡುವುದರಲ್ಲಿತ್ತು. ಎದೆ ಒಡೆಯುವ ಹಾಗೆ ಕೂಗಿದ:

“ಮೆಲ್ವಿನ್, ಹಿಂದಿನ ಎಡಗಡೆ ಟೈರು ಪಂಕ್ಚರ್ ಕಣೋ!”

ನಿಜಕ್ಕೂ ಪಂಕ್ಚರ್ ಆಗಿತ್ತು. ಮೆಲ್ವಿನ್‌ಗೆ ಟೈರು ಬದಲಿಸಲು ಬರುತ್ತಿರಲಿಲ್ಲ. ಹಾರ್ವಿ ಹಿಮದಲ್ಲಿ ಮಂಡಿಯೂರಿ, ಜ್ಯಾಕ್ ಇಟ್ಟು, ಒಂದೊಂದೇ ನಟ್ಟು ಬಿಗಿದ. ಬೆರಳು ಮರಗಟ್ಟಿದವು. ಕಿಟಕಿಯ ಗಾಜು ಇಳಿಸಿ ಲೊರೇನ್ ಅವನನ್ನು ಬಹಳ ಹೊತ್ತು ನೋಡಿದಳು.

“ಹಾರ್ವಿ...” ಅಂದಳು, ದನಿ ಮೆತ್ತಗಾಗಿ.

ಹಾರ್ವಿ ತಲೆ ಎತ್ತಿದ. “ಸೀಟ್ ಬೆಲ್ಟ್ ತಿರುಚಿದೆ, ಸರಿಮಾಡ್ಕೊಳ್ಳಿ” ಅಂದ.

ಗಾಜು ಮೇಲೇರಿತು. ಅವರಿಗೆ ಐದಕ್ಕೆ ಸರಿಯಾಗಿ ಕಿಟಕಿ ಪಕ್ಕದ ಮೇಜೇ ಸಿಕ್ಕಿತಂತೆ.