ಪಲ್ಪ್ ಗುಂಡಿಯ ಜೀವಿಗೆ ಹೆಸರಿಟ್ಟ ಕಥೆ

ಬ್ಯಾಕ್ಟೀರಿಯಾ ಹುಡುಕುವ ಕೆಲಸದಲ್ಲಿ ನಗು ಎಲ್ಲಿಂದ ಬರಬೇಕು ಎಂದು ಜನ ಕೇಳುತ್ತಾರೆ. ನಾನಂತೂ ಮಣ್ಣು ಕೇಳಿಕೊಂಡು ಹೆತ್ತೂರಿನ ಕಾಫಿ ಎಸ್ಟೇಟಿಗೆ ಹೋದಾಗಲೆಲ್ಲ ಏನಾದರೊಂದು ಆಗದೆ ವಾಪಸ್ ಬಂದವನಲ್ಲ.

ಮರ್ಯಾದೆಯ ಮಣ್ಣು

ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಪಲ್ಪ್ ಗುಂಡಿಯಿಂದ ಒಂದಿಷ್ಟು ಮಣ್ಣು ತುಂಬಿಡಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೈಗೆ ಬಾಟಲಿ ಕೊಟ್ಟು ಬಂದಿದ್ದೆ. ಮುಂದಿನ ವಾರ ಹೋದರೆ ಬಾಟಲಿಯಲ್ಲಿ ಜರಡಿ ಹಿಡಿದ ಒಳ್ಳೇ ಕೆಂಪು ಮಣ್ಣು.

"ಗುಂಡೀದು ನಾರ್ತಿತ್ತು ಕಣ್ರೀ. ಓದಿದೋರ ಕೈಗೆ ಅಂಥದ್ ಕೊಡಾಕಾಯ್ತದಾ? ಆಫೀಸ್ ಮುಂದಿನ ಹೂವಿನ ಪಾತೀದು ಹಾಕಿವ್ನಿ."

ಕೊನೆಗೆ ಅಲ್ಲಿ ಸಿಪ್ಪೆ ತಿರುವುವ ಕೆಲಸದ ಒಬ್ಬ ಮುದುಕಿ ಗುಂಡಿಯ ಒಂದು ಮೂಲೆ ತೋರಿಸಿದಳು. "ಇಲ್ಲಿ ಬಗೀರಿ, ಇಲ್ಲೇ ಬೇಗ ಕೊಳೀತೈತೆ."

ಬದುಕಿರಬೇಕು

ಆ ಮಣ್ಣಲ್ಲಿ ಸಿಕ್ಕ ಜೀವಿ ಎಲ್ಲೂ ದಾಖಲಾಗದ್ದು. ಅದು ಏನು ತಿನ್ನುತ್ತದೆ, ಅದರ ಜೀನು ಯಾವ ಸಂಬಂಧಿಕರಿಗೆ ಹತ್ತಿರ ಎಂದು ನೋಡುವುದರಲ್ಲೇ ಮೂರು ವರ್ಷ ಕಳೆಯಿತು. ಹೆಸರು ಊರ್ಜಿತವಾಗಬೇಕಾದರೆ ಜೀವಂತ ಮಾದರಿಯನ್ನು ಎರಡು ದೇಶಗಳ ಜೀವಾಣು ಸಂಗ್ರಹಾಲಯಗಳಿಗೆ ಕಳಿಸಬೇಕು. ಕಳಿಸುವ ಮೊದಲೇ ಲ್ಯಾಬಿನ ಫ್ರಿಜ್ ಕೆಟ್ಟು ನನ್ನ ಟ್ಯೂಬುಗಳೆಲ್ಲ ಸತ್ತುಹೋದವು. ನನ್ನ ಪಿಎಚ್‌ಡಿಯೂ ಅವುಗಳ ಜೊತೆಗೇ ಹೋಗುವುದರಲ್ಲಿತ್ತು.

ಮತ್ತೆ ಮಣ್ಣು ತರಲು ಎದ್ದು ಬಿದ್ದು ಹೆತ್ತೂರಿಗೆ ಓಡಿದೆ. ಗುಂಡಿ ತುಂಬ ಬಿಳೀ ಸುಣ್ಣ. ಎಸ್ಟೇಟ್ ಮಾಲೀಕರು ಹೆಮ್ಮೆಯಿಂದ ನಿಂತಿದ್ದರು.

"ನಮ್ ತೋಟದಲ್ಲಿ ಬ್ಯಾಕ್ಟೀರಿಯಾ ಐತೆ ಅಂದ್ರೆ ಮಾನ ಉಳೀತದಾ ಮಾರಾಯ? ಒಂದೂ ಇಲ್ದಂಗೆ ಮಾಡ್ಸಿದೀನಿ. ಈಗ ಧೈರ್ಯವಾಗಿ ಬರ್ಕೊಳ್ಳಿ."

ನಾಮಕರಣ

ಗುಂಡಿಯ ದಂಡೆಯಲ್ಲೇ ಕುಸಿದು ಕೂತೆ. ಅಳು ಬಂತು, ಸುಳ್ಳೇಕೆ ಹೇಳಲಿ. ಮುದುಕಿ ವಿಷಯ ಕೇಳಿ, ಕೂಲಿಯವರ ಲೈನ್ ಮನೆಯ ಹಿಂದಕ್ಕೆ ಕರೆದೊಯ್ದಳು. ಸುಣ್ಣ ಹಾಕುವ ಮುಂಚೆಯೇ ಅದೇ ಮೂಲೆಯ ಗೊಬ್ಬರ ಒಂದು ಬುಟ್ಟಿ ತಂದು ಮೆಣಸಿನ ಗಿಡಕ್ಕೆ ಹಾಕಿದ್ದಳು. ಅದರಲ್ಲಿ ನನ್ನ ಜೀವಿ ಬದುಕಿತ್ತು.

ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವ ರೂಢಿ ಇಲ್ಲ. ನೆರವಾದವರ ಹೆಸರಿಡಬಹುದು. ಮುದುಕಿಯ ಹೆಸರಿಡಲು ಒಪ್ಪಿಗೆ ಕೇಳಿ ಮತ್ತೆ ಅವಳ ಬಳಿ ಹೋದೆ.

"ಕಾಯ್ಲೆ ಬರ್ಸೋದಾ ಅದು?"

"ಇಲ್ಲ ಅಜ್ಜಿ. ಒಂದು ಗಳಿಗೆ ಸುಮ್ಮನಿರದೆ ಸಿಪ್ಪೆ ಕೊಳೆಸಿ ಗೊಬ್ಬರ ಮಾಡ್ತದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂದು ಬ್ಯಾಡ. ತೀರ್ಕೊಂಡ್ರಲ್ಲ, ನಮ್ಮೆಜಮಾನ್ರು, ಅವ್ರ ಹೆಸ್ರಿಡಿ. ಇದ್ದಷ್ಟು ದಿನ ಒಂದಿನಾನೂ ಕೆಲ್ಸಕ್ಕೋಗ್ಲಿಲ್ಲ. ಇನ್ಮೇಲಾದ್ರೂ ದುಡೀಲಿ."